ಡೀಸೆಲ್ ಬಾಯ್ಲರ್ ಬಿಟ್ಟು ಪೈಪ್ ಗ್ಯಾಸಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಟ್ಟಡಗಳ ಬಿಸಿನೀರಿನ ವ್ಯವಸ್ಥೆಯ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ಬಸವನಗುಡಿಯಲ್ಲಿರುವ ನಮ್ಮ ವಿದ್ಯಾರ್ಥಿನಿಲಯದಲ್ಲಿ 120 ಹುಡುಗರಿದ್ದಾರೆ. ಸ್ನಾನದ ನೀರಿಗೆ 18 ವರ್ಷ ಹಳೆಯದಾದ ಡೀಸೆಲ್ ಬಾಯ್ಲರ್ ಇದ್ದು, 3,000 ಲೀಟರಿನ ಬಿಸಿನೀರಿನ ತೊಟ್ಟಿ ದಿನಕ್ಕೊಮ್ಮೆ ಖಾಲಿಯಾಗುತ್ತದೆ. ದಿನವೊಂದಕ್ಕೆ ಸುಮಾರು 30 ಲೀಟರ್ ಡೀಸೆಲ್ ಉರಿಯುತ್ತಿದೆ. ಈಗ ನಮ್ಮ ರಸ್ತೆಗೆ ಗ್ಯಾಸ್ ಪೈಪ್ ಬಂದಿದೆ. ಬರ್ನರ್ ಒಂದನ್ನು ಬದಲಿಸಿದರೆ ಸಾಕೆಂದು ಒಬ್ಬ ಗುತ್ತಿಗೆದಾರರು ಹೇಳುತ್ತಾರೆ. ಬಾಯ್ಲರನ್ನೇ ಕಿತ್ತು ಹೊಸದನ್ನು ಹಾಕಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತನ್ನು ನಂಬಬೇಕು?
— ವಿದ್ಯಾರ್ಥಿನಿಲಯದ ಕಾರ್ಯದರ್ಶಿ, ಬಸವನಗುಡಿ

ಉತ್ತರ: ಇಬ್ಬರನ್ನೂ ಒಂದು ತಿಂಗಳು ಕಾಯಿಸಿರಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬಾಯ್ಲರಿನ ವಯಸ್ಸಲ್ಲ, ಆ 30 ಲೀಟರಿನ ಲೆಕ್ಕ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಸಂಪಿನ ನೀರು 22 ಡಿಗ್ರಿ ಇದೆಯೆಂದು ಹಿಡಿದು ಅದನ್ನು 60ಕ್ಕೆ ಏರಿಸುವುದಾದರೆ, 3,000 ಲೀಟರಿಗೆ 1,14,000 ಕಿಲೋಕ್ಯಾಲರಿ ಆಯಿತು. ಡೀಸೆಲ್ ಲೀಟರಿಗೆ ಸುಮಾರು 8,600 ಕಿಲೋಕ್ಯಾಲರಿ ಕೊಡುತ್ತದೆ. ನಿಮ್ಮ ಹಳೆಯ ಬಾಯ್ಲರ್ ಅದರಲ್ಲಿ ನೂರಕ್ಕೆ ಎಂಬತ್ತು ಪಾಲನ್ನಷ್ಟೇ ನೀರಿಗೆ ದಾಟಿಸುತ್ತದೆಂದು ಇಟ್ಟುಕೊಂಡರೂ ಹದಿನೇಳು ಲೀಟರಿನಲ್ಲಿ ಕೆಲಸ ಮುಗಿಯಬೇಕು. ಉಳಿದ ಹದಿಮೂರು ಲೀಟರ್ ಯಾವ ಹುಡುಗನ ಬಕೆಟ್ಟಿಗೂ ಬರುತ್ತಿಲ್ಲ. ಗ್ಯಾಸ್ ಹಾಕಿಸಿದ ಮಾತ್ರಕ್ಕೆ ಈ ಸೋರಿಕೆ ನಿಲ್ಲುವುದಿಲ್ಲ. ಡೀಸೆಲ್ಲಿನ ಬದಲು ಗ್ಯಾಸ್ ಅದೇ ದಾರಿಯಲ್ಲಿ ಹೋಗುತ್ತದೆ, ಅಷ್ಟೆ.

ಅದು ಎಲ್ಲಿ ಹೋಗುತ್ತಿದೆ ಎಂಬುದನ್ನು ನೀವೇ ಪತ್ತೆ ಮಾಡಬಹುದು. ರಾತ್ರಿ ಹತ್ತಕ್ಕೆ ತೊಟ್ಟಿಯ ಉಷ್ಣಮಾಪಕ ನೋಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಬೆಳಗಿನ ಜಾವ ನಾಲ್ಕಕ್ಕೆ, ಬರ್ನರ್ ಹೊತ್ತುವ ಮೊದಲು, ಮತ್ತೆ ನೋಡಿರಿ. ಈ ನಡುವೆ ಯಾರೂ ನೀರು ಬಳಸದಿದ್ದರೂ ಹತ್ತು ಡಿಗ್ರಿ ಇಳಿದಿದ್ದರೆ, ಆ ರಾತ್ರಿ ನಾಲ್ಕು ಲೀಟರಿಗಿಂತ ಹೆಚ್ಚು ಡೀಸೆಲ್ ತಾರಸಿಯ ಗಾಳಿಗೆ ಹೋಯಿತೆಂದೇ ಅರ್ಥ. ಸಾಮಾನ್ಯವಾಗಿ ಇದಕ್ಕೆ ಕಾರಣ ತಾರಸಿಯ ಮೇಲೆ ಹೊದಿಕೆಯಿಲ್ಲದೆ ಓಡುವ ಪೈಪು, ಮತ್ತು ಮೇಲಂತಸ್ತಿನ ನಲ್ಲಿಯಲ್ಲಿ ತಕ್ಷಣ ಬಿಸಿನೀರು ಬರಲೆಂದು ಹಗಲಿರುಳೂ ನೀರನ್ನು ಸುತ್ತಿಸುತ್ತಿರುವ ಸಣ್ಣ ಪಂಪು. ಪೈಪಿಗೆ ಹೊದಿಕೆ ಹಾಕಿಸಿ, ಪಂಪಿಗೆ ಗಡಿಯಾರದ ಸ್ವಿಚ್ ಇಡಿಸಿರಿ. ಬಾಯ್ಲರಿನ ಕೊಳವೆಗಳ ಬೆಂಕಿಯ ಬದಿಯಲ್ಲಿ ಮಸಿ, ನೀರಿನ ಬದಿಯಲ್ಲಿ ಬೋರ್‌ವೆಲ್ ನೀರಿನ ಸುಣ್ಣದ ಪದರ ಕಟ್ಟಿಕೊಂಡಿರುತ್ತವೆ. ಎರಡೂ ಶಾಖವನ್ನು ತಡೆದು ಚಿಮಣಿಗೆ ಅಟ್ಟುತ್ತವೆ. ಇವನ್ನೆಲ್ಲ ಸರಿಪಡಿಸಿ ಒಂದು ತಿಂಗಳ ಡೀಸೆಲ್ ಲೆಕ್ಕವನ್ನು ಮತ್ತೆ ಬರೆದಿಟ್ಟುಕೊಂಡ ಮೇಲೆ ಗುತ್ತಿಗೆದಾರರನ್ನು ಕರೆಯಿರಿ. ಆಗ ಅವರು ಹೇಳುವ ಬರ್ನರಿನ ಗಾತ್ರವೇ ಚಿಕ್ಕದಾಗಿರುತ್ತದೆ, ಅಂದಾಜು ಪಟ್ಟಿಯೂ ಚಿಕ್ಕದಾಗಿರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಡೀಸೆಲ್ ಬರ್ನರಿನಲ್ಲಿ ಪಂಪು ಎಣ್ಣೆಯನ್ನು ಹೆಚ್ಚಿನ ಒತ್ತಡದಲ್ಲಿ ಸೂಜಿಕಣ್ಣಿನಂಥ ನಾಸಲಿನಿಂದ ಸಿಡಿಸಿ ಮಂಜಿನಂತೆ ಮಾಡುತ್ತದೆ. ಆ ಮಂಜು ಗಾಳಿಯೊಡನೆ ಬೆರೆತು ಉರಿಯುತ್ತದೆ. ಗ್ಯಾಸಿಗೆ ಈ ಕಸರತ್ತು ಬೇಡ. ಅದರ ಬದಲು ಬರ್ನರಿಗೆ ಮುನ್ನ ಕೈಕವಾಟ, ಸೋಸುಕ, ಒತ್ತಡ ಇಳಿಸುವ ರೆಗ್ಯುಲೇಟರ್, ಒತ್ತಡ ತಪ್ಪಿದರೆ ನಿಲ್ಲಿಸುವ ಸ್ವಿಚ್, ಒಂದರ ಹಿಂದೆ ಒಂದರಂತೆ ತಾವಾಗಿಯೇ ಮುಚ್ಚಿಕೊಳ್ಳುವ ಎರಡು ಸೊಲೆನಾಯ್ಡ್ ವಾಲ್ವುಗಳು ಸಾಲಾಗಿ ಬರುತ್ತವೆ. ಈ ಸಾಲಿಗೆ ಕಸಬಿನವರು ಗ್ಯಾಸ್ ಟ್ರೈನ್ ಎನ್ನುತ್ತಾರೆ. ಅಂದಾಜು ಪಟ್ಟಿಯಲ್ಲಿ ಬರ್ನರಿನ ಬೆಲೆ ಮಾತ್ರ ಇದ್ದು ಇದರ ಹೆಸರೇ ಇಲ್ಲದಿದ್ದರೆ, ಆ ಪಟ್ಟಿಯನ್ನು ಹಿಂದಕ್ಕೆ ಕೊಟ್ಟುಬಿಡಿ. ನಿಮ್ಮ ಬಾಯ್ಲರಿನ ಕೊಳವೆಗಳು ಗಟ್ಟಿಯಾಗಿದ್ದು, ಬೆಸುಗೆಗಳಲ್ಲಿ ನೀರು ಜಿನುಗದೆ, ಉರಿಯ ಉದ್ದ ಉರಿಕೋಣೆಗೆ ಹೊಂದುವಂತಿದ್ದರೆ, ಬರ್ನರ್ ಮಾತ್ರ ಬದಲಿಸುವುದರಲ್ಲಿ ತಪ್ಪಿಲ್ಲ. ಜಿನುಗು ಶುರುವಾಗಿದ್ದರೆ ಹಳೆಯ ಎತ್ತಿಗೆ ಹೊಸ ನೊಗ ಹೂಡಬೇಡಿ.

ಹೊಸದನ್ನೇ ಕೊಳ್ಳುವುದಾದರೆ ಕಂಡೆನ್ಸಿಂಗ್ ಬಗೆಯದನ್ನು ವಿಚಾರಿಸಿರಿ. ಗ್ಯಾಸ್ ಉರಿದಾಗ ಹುಟ್ಟುವ ನೀರಾವಿಯು ಹೊಗೆ 55 ಡಿಗ್ರಿಗಿಂತ ಕೆಳಕ್ಕೆ ತಣಿದಾಗ ಮತ್ತೆ ನೀರಾಗುತ್ತದೆ. ಹಾಗೆ ನೀರಾಗುವಾಗ ಬಿಟ್ಟುಕೊಡುವ ಶಾಖವನ್ನು ಈ ಬಾಯ್ಲರ್ ಹಿಡಿದುಕೊಳ್ಳುತ್ತದೆ. ಒಳಬರುವ ನೀರು ತಣ್ಣಗಿದ್ದಷ್ಟೂ ಲಾಭ ಹೆಚ್ಚು. ಸ್ನಾನದ ನೀರಿನಲ್ಲಿ ಸಂಪಿನ ತಣ್ಣೀರೇ ನೇರವಾಗಿ ಬರುವುದರಿಂದ ನಿಮ್ಮಂಥ ಕಡೆಗೆ ಇದು ಹೇಳಿಮಾಡಿಸಿದಂತಿದೆ. ಆದರೆ ಗಡಸು ನೀರನ್ನು ಮೆದುಗೊಳಿಸುವ ಸಾಧನವಿಲ್ಲದೆ ಇದನ್ನು ಹಾಕಿಸಿದರೆ, ಅದರ ಸಣ್ಣ ಸಂದುಗಳು ಬಹು ಬೇಗ ಕಟ್ಟಿಕೊಳ್ಳುತ್ತವೆ.

ಚಿಮಣಿಯ ವಿಚಾರವನ್ನು ಇಬ್ಬರು ಗುತ್ತಿಗೆದಾರರೂ ಎತ್ತಿಲ್ಲವೆಂದು ತೋರುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಅಷ್ಟೇ ಶಾಖ ಕೊಡುವ ಒಂದು ಘನ ಮೀಟರ್ ಗ್ಯಾಸ್ ಉರಿದರೆ 1.6 ಲೀಟರಿನಷ್ಟು. ಕೆಲವು ವರ್ಷಗಳ ಹಿಂದೆ ನಾನು ನೋಡಲು ಹೋಗಿದ್ದ ಒಂದು ವಸತಿಗೃಹದಲ್ಲಿ ಹಳೆಯ ಇಟ್ಟಿಗೆಯ ಚಿಮಣಿಯನ್ನು ಹಾಗೆಯೇ ಉಳಿಸಿಕೊಂಡು ಗ್ಯಾಸ್ ಬರ್ನರ್ ಕೂರಿಸಿದ್ದರು. ಎರಡನೆಯ ಮಳೆಗಾಲದ ಹೊತ್ತಿಗೆ ಮೂರನೆಯ ಮಹಡಿಯ ಕೋಣೆಯೊಂದರ ಗೋಡೆಯ ಮೇಲೆ ಕಾಫಿ ಚೆಲ್ಲಿದಂಥ ಕಲೆ ಮೂಡಿತು; ಮಳೆನೀರೆಂದು ತಿಳಿದು ತಾರಸಿಗೆ ಎರಡು ಸಲ ಗಾರೆ ಮಾಡಿಸಿದರು. ಕಲೆಯನ್ನು ಬೆರಳಿನಿಂದ ಮುಟ್ಟಿ ಮೂಸಿದರೆ ಮಸಿಯ ವಾಸನೆ ಬರುತ್ತಿತ್ತು. ಗ್ಯಾಸಿನ ಆವಿ ತಣ್ಣಗಿನ ಇಟ್ಟಿಗೆಯ ಮೇಲೆ ನೀರಾಗಿ, ವರ್ಷಗಳಿಂದ ಕೂತಿದ್ದ ಡೀಸೆಲ್ ಮಸಿಯ ಗಂಧಕವನ್ನು ಕರಗಿಸಿ, ಆಮ್ಲವಾಗಿ ಗಾರೆಯನ್ನು ತಿನ್ನುತ್ತಿತ್ತು. ಚಿಮಣಿಯನ್ನು ಚೊಕ್ಕಟ ಮಾಡಿಸಿ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಸಿ, ಅಡಿಯಲ್ಲಿ ನೀರು ಹೊರಹೋಗಲು ದಾರಿ ಬಿಡಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಒಂದು ಘನ ಮೀಟರ್ ಗ್ಯಾಸ್ ಉರಿಯಲು ಸುಮಾರು ಹತ್ತು ಘನ ಮೀಟರ್ ಗಾಳಿ ಬೇಕು. ಬಾಯ್ಲರ್ ಕೋಣೆಯ ಕಿಟಕಿಗೆ ಹಳೆಯ ಹಾಸಿಗೆ, ಮುರಿದ ಮಂಚಗಳನ್ನು ಒರಗಿಸಿಟ್ಟಿರುವುದನ್ನು ನಾನು ಬೇಕಾದಷ್ಟು ವಿದ್ಯಾರ್ಥಿನಿಲಯಗಳಲ್ಲಿ ನೋಡಿದ್ದೇನೆ. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬರ್ನರ್ ಚಾಲೂ ಮಾಡುವ ದಿನ ಹೊಗೆಯನ್ನು ಉಪಕರಣದಿಂದ ಅಳೆದು, ಆ ಚೀಟಿಯನ್ನು ನಿಮ್ಮ ಕೈಗೆ ಕೊಟ್ಟ ಮೇಲೆಯೇ ಗುತ್ತಿಗೆದಾರರ ಕೊನೆಯ ಕಂತನ್ನು ಪಾವತಿಸಿರಿ.

ಖರ್ಚಿನ ತುಲನೆ ಸುಲಭ. ಶಾಖದ ಲೆಕ್ಕದಲ್ಲಿ ಒಂದು ಲೀಟರ್ ಡೀಸೆಲ್ಲೂ ಒಂದು ಘನ ಮೀಟರ್ ಗ್ಯಾಸೂ ಹೆಚ್ಚುಕಡಿಮೆ ಒಂದೇ ತೂಕದವು. ಆದ್ದರಿಂದ ಅಂದಿನ ಎರಡು ದರಗಳನ್ನು ಅಕ್ಕಪಕ್ಕ ಬರೆದರೆ ಸಾಕು. ಆದರೆ ಒಪ್ಪಂದದ ಪತ್ರದಲ್ಲಿ ತಿಂಗಳಿಗೆ ಇಷ್ಟು ಬಳಸಲೇಬೇಕೆಂಬ ಕನಿಷ್ಠ ಪ್ರಮಾಣದ ಷರತ್ತು ಇದೆಯೇ ಎಂದು ಓದಿರಿ. ಏಪ್ರಿಲ್, ಮೇ ತಿಂಗಳಲ್ಲಿ ಹುಡುಗರು ಊರಿಗೆ ಹೋದಾಗ ಬಳಸದ ಗ್ಯಾಸಿಗೂ ಹಣ ಕಟ್ಟುವ ಪಾಡು ಬರಬಾರದು. ಬೆಂಗಳೂರಿಗೆ ಬರುವ ಗ್ಯಾಸ್ ಮಹಾರಾಷ್ಟ್ರದ ದಾಭೋಲ್‌ನಿಂದ 2013ರಲ್ಲಿ ಶುರುವಾದ ಸುಮಾರು 1,000 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಹರಿದು ಬರುತ್ತದೆ. ದೇಶದ ಬಳಕೆಯ ಅರ್ಧದಷ್ಟು ಗ್ಯಾಸನ್ನು ಹಡಗಿನಲ್ಲಿ ತರಿಸಿಕೊಳ್ಳುವುದರಿಂದ, ಇದರ ದರವೂ ಹೊರದೇಶದ ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ. ಈ ವರ್ಷ ಅಗ್ಗವಾಗಿದೆ ಎಂಬ ಒಂದೇ ಕಾರಣಕ್ಕೆ ಬದಲಾಯಿಸಬೇಡಿ.

ಹಾಗಾದರೆ ಬದಲಾಯಿಸಬೇಕೇ? ಪೈಪು ಬಾಗಿಲಿಗೇ ಬಂದಿರುವಾಗ ಬದಲಾಯಿಸಿ ಎಂದೇ ನನ್ನ ಸಲಹೆ. ಪೀಪಾಯಿಯಿಂದ ಡೀಸೆಲ್ ಇಳಿಸುವ, ಕದ್ದು ಹೋಗುವ, ನೆಲಕ್ಕೆ ಚೆಲ್ಲುವ ರಗಳೆ ತಪ್ಪುತ್ತದೆ. ಅಷ್ಟೇ ನೀರಿಗೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಮಸಿ ಇಲ್ಲವೇ ಇಲ್ಲವೆನ್ನಬಹುದು. ಮೇಲೆ ಹೇಳಿದ ರಿಪೇರಿಯನ್ನು ಬೇಸಿಗೆ ರಜೆಯಲ್ಲಿ ಮುಗಿಸಿಕೊಳ್ಳಿ. ತಾರಸಿಯ ಮೇಲೆ ಹಳೆಯ ಸೋಲಾರ್ ಫಲಕಗಳು ಕೆಟ್ಟು ಕೂತಿದ್ದರೆ ಅವನ್ನೂ ಅದೇ ರಜೆಯಲ್ಲಿ ಸರಿಮಾಡಿಸಿರಿ. ಬಿಸಿಲು ಕಾಯಿಸಿದ ನೀರನ್ನು ಗ್ಯಾಸ್ ಇನ್ನಷ್ಟು ಏರಿಸಿದರೆ ಸಾಕಲ್ಲವೇ.

ಪ್ರಶ್ನೆ: ನಮ್ಮದು 40 ಹಾಸಿಗೆಗಳ ನರ್ಸಿಂಗ್ ಹೋಮ್. ಬಟ್ಟೆ ಒಗೆಯಲು ಮತ್ತು ಉಪಕರಣಗಳ ಶುದ್ಧೀಕರಣಕ್ಕೆ ಡೀಸೆಲ್ಲಿನ ಸ್ಟೀಮ್ ಬಾಯ್ಲರ್ ಇದೆ. ಗ್ಯಾಸಿಗೆ ಹೋದರೆ ಡೀಸೆಲ್ಲನ್ನು ಪೂರ್ತಿ ಬಿಡಬಹುದೇ? ಯಾವ ಇಲಾಖೆಯ ಅನುಮತಿ ಬೇಕು?
— ಆಡಳಿತಾಧಿಕಾರಿ, ರಾಜಾಜಿನಗರ

ಉತ್ತರ: ಪೂರ್ತಿ ಬಿಡಬೇಡಿ. ನಮ್ಮ ಊರಿನಲ್ಲಿ ರಸ್ತೆ ಅಗೆಯುವ ಜೆಸಿಬಿಗೆ ನೆಲದಡಿ ಏನಿದೆ ಎಂಬುದು ತಾಗಿದ ಮೇಲೆಯೇ ತಿಳಿಯುತ್ತದೆ. ಪೈಪಿಗೆ ಪೆಟ್ಟು ಬಿದ್ದ ದಿನ ಸರಬರಾಜು ನಿಲ್ಲಿಸಲೇಬೇಕಾಗುತ್ತದೆ. ವಿದ್ಯಾರ್ಥಿನಿಲಯದಲ್ಲಿ ಒಂದು ದಿನ ತಣ್ಣೀರು ಸ್ನಾನವಾದರೆ ಗೊಣಗಾಟದಲ್ಲಿ ಮುಗಿಯುತ್ತದೆ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹಾಗಾಗುವುದಿಲ್ಲ. ನಿಮಗೆ ಎರಡೂ ಇಂಧನವನ್ನು ಉರಿಸಬಲ್ಲ ಡ್ಯುಯಲ್ ಫ್ಯುಯಲ್ ಬರ್ನರ್ ಸೂಕ್ತ. ಜನರೇಟರಿಗೆಂದು ಡೀಸೆಲ್ ಹೇಗೂ ಇಟ್ಟಿರುತ್ತೀರಿ. ತಿಂಗಳಿಗೊಮ್ಮೆ ಅರ್ಧ ಗಂಟೆಯಾದರೂ ಡೀಸೆಲ್ಲಿನಲ್ಲಿ ಓಡಿಸಿ ನೋಡಿರಿ. ವರ್ಷಗಟ್ಟಲೆ ಮುಟ್ಟದ ನಾಸಲ್ ಬೇಕಾದ ದಿನವೇ ಕಟ್ಟಿಕೊಂಡಿರುತ್ತದೆ.

ಅನುಮತಿಯ ವಿಚಾರದಲ್ಲಿ ನಿಮ್ಮ ಬಾಯ್ಲರಿಗೂ ಮೇಲಿನ ಪತ್ರದ ಬಾಯ್ಲರಿಗೂ ವ್ಯತ್ಯಾಸವಿದೆ. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ನೀರನ್ನು 100 ಡಿಗ್ರಿಗಿಂತ ಕೆಳಗೆ ಕಾಯಿಸುವ ಪಾತ್ರೆಯನ್ನು ಕಾಯ್ದೆಯು ಬಾಯ್ಲರ್ ಎಂದು ಎಣಿಸುವುದಿಲ್ಲ, ಊರೆಲ್ಲ ಅದನ್ನು ಬಾಯ್ಲರ್ ಎಂದೇ ಕರೆದರೂ. ಒತ್ತಡದ ಹಬೆ ಕೊಡುವ ನಿಮ್ಮದು ನೋಂದಣಿಯಾಗಿರಬೇಕಾದ ಬಾಯ್ಲರ್. ಬರ್ನರ್ ಮುಟ್ಟುವ ಮುನ್ನ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ಬರೆದು ತಿಳಿಸಿ, ಅವರ ಒಪ್ಪಿಗೆಯ ಮೇಲೆಯೇ ಕೆಲಸ ಮಾಡಿಸಿರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಇಂಧನ ಡೀಸೆಲ್ ಎಂದು ನಮೂದಾಗಿದ್ದರೆ ಅದನ್ನೂ ತಿದ್ದಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ನ್ಯೂಯಾರ್ಕಿನಲ್ಲಿದ್ದಾಳೆ. ಅವಳಿರುವ ಹಳೆಯ ಕಟ್ಟಡದಲ್ಲಿ ಮನೆ ಬೆಚ್ಚಗಿಡುವ ಬಾಯ್ಲರನ್ನು ಕೆಲವು ವರ್ಷಗಳ ಹಿಂದೆ ಎಣ್ಣೆಯಿಂದ ಗ್ಯಾಸಿಗೆ ಬದಲಾಯಿಸಿದರಂತೆ. ಈಗ ಗ್ಯಾಸನ್ನೂ ಬಿಡಬೇಕೆಂಬ ಮಾತು ನಡೆದಿದೆಯಂತೆ. ಹಾಗಿರುವಾಗ ನಾವು ಇಲ್ಲಿ ಗ್ಯಾಸಿಗೆ ಹೋಗುವುದು ಬುದ್ಧಿವಂತಿಕೆಯೇ?
— ಗೃಹಿಣಿ, ಜಯನಗರ

ಉತ್ತರ: ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರಂದು ಬಿದ್ದ 7.8 ಡಿಗ್ರಿ. ನಮಗೆ ಕಂಬಳಿ, ಸ್ವೆಟರು, ಬಚ್ಚಲಿನ ಹಂಡೆಯ ಬಿಸಿನೀರು ಸಾಕಾಗಿತ್ತು. ಕೋಣೆಯನ್ನು ಕಾಯಿಸುವ ಪ್ರಮೇಯ ಬರಲಿಲ್ಲ. ನ್ಯೂಯಾರ್ಕಿನಲ್ಲಿ ಚಳಿಗಾಲದುದ್ದಕ್ಕೂ ಸೊನ್ನೆಯ ಆಸುಪಾಸು. ಅಲ್ಲಿನ ಹಳೆಯ ಕಟ್ಟಡಗಳ ನೆಲಮಾಳಿಗೆಯಲ್ಲಿ ದೊಡ್ಡ ಬಾಯ್ಲರ್ ಇದ್ದು, ಪ್ರತಿ ಕೋಣೆಯ ರೇಡಿಯೇಟರಿಗೂ ಅದರಿಂದ ಹಬೆಯೋ ಬಿಸಿನೀರೋ ಹರಿಯುತ್ತದೆ. ಅವುಗಳಲ್ಲಿ ಹಲವು ಉರಿಸುತ್ತಿದ್ದದ್ದು 6ನೇ ಸಂಖ್ಯೆಯ ಎಣ್ಣೆ. ಅದು ಕಾಕಂಬಿಯಂತೆ ಮಂದ. ಬಿಸಿ ಮಾಡದಿದ್ದರೆ ಪೈಪಿನಲ್ಲಿ ಹರಿಯುವುದೇ ಇಲ್ಲ. ಅದರ ಮಸಿ ಇಡೀ ನಗರದ ಗಾಳಿಯನ್ನು ಕೆಡಿಸುತ್ತಿತ್ತೆಂದು ನಗರಾಡಳಿತ 2011ರಲ್ಲಿ ನಿಯಮ ತಂದು, 2015ರ ಹೊತ್ತಿಗೆ ಅದನ್ನು ನಿಲ್ಲಿಸಿತು. ಅದಕ್ಕಿಂತ ತುಸು ತೆಳುವಾದ 4ನೇ ಸಂಖ್ಯೆಯ ಎಣ್ಣೆಗೆ 2030ರ ಗಡುವು ಇತ್ತು. ಅದನ್ನು ಆಮೇಲೆ 2027ಕ್ಕೆ ಎಳೆದರು. ಆಗ ಬಹಳಷ್ಟು ಕಟ್ಟಡಗಳು ಗ್ಯಾಸಿಗೆ ಹೋದವು. ಮುಂದೆ 2021ರಲ್ಲಿ ಹೊಸ ಕಟ್ಟಡಗಳಲ್ಲಿ ಗ್ಯಾಸ್ ಉರಿಸುವುದನ್ನು ಹಂತಹಂತವಾಗಿ ತಡೆಯುವ ಕಾನೂನೂ ಬಂತು.

ಆ ಹಿಂಜರಿಕೆಗೆ ಕಾರಣವಿದೆ. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಉರಿದರೆ ಅದು ಎಣ್ಣೆಗಿಂತ ವಾಸಿ. ಉರಿಯದೆ ಸೋರಿದರೆ, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಆದ್ದರಿಂದ ನನ್ನ ಉತ್ತರ ಕಟ್ಟಡವನ್ನು ನೋಡಿ ಬದಲಾಗುತ್ತದೆ. ಇರುವ ಡೀಸೆಲ್ ಬಾಯ್ಲರಿಗೆ ಗ್ಯಾಸ್ ಒಳ್ಳೆಯ ಬದಲಿ. ಇನ್ನೂ ಪಾಯ ತೋಡುತ್ತಿರುವ ಕಟ್ಟಡಕ್ಕಾದರೆ ಸೋಲಾರ್ ಮತ್ತು ಹೀಟ್ ಪಂಪ್ ಹಾಕಿಸಿರಿ ಎನ್ನುತ್ತೇನೆ. ಫ್ರಿಜ್ಜಿನ ಕೆಲಸವನ್ನೇ ತಿರುಗುಮುರುಗಾಗಿ ಮಾಡುವ ಈ ಯಂತ್ರ ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ಮೊದಲ ಪತ್ರದ 3,000 ಲೀಟರಿಗೆ ಸುಮಾರು 44 ಯೂನಿಟ್ ಸಾಕು. ನ್ಯೂಯಾರ್ಕಿನ ಹಿಮದಲ್ಲಿ ಏದುಸಿರು ಬಿಡುವ ಈ ಯಂತ್ರಕ್ಕೆ ಬೆಂಗಳೂರಿನ ಹವೆ ತವರುಮನೆಯಿದ್ದಂತೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಿಲಿಂಡರ್ ಹೋಗಿ ಪೈಪ್ ಗ್ಯಾಸ್ ಬರುತ್ತಿದೆ. ಹಳೆಯ ಒಲೆಯನ್ನೂ ಸ್ನಾನದ ಮನೆಯ ಗ್ಯಾಸ್ ಗೀಸರನ್ನೂ ಹಾಗೆಯೇ ಜೋಡಿಸಬಹುದೇ?
— ನಿವಾಸಿಗಳ ಸಂಘದ ಸದಸ್ಯೆ, ಎಚ್‌ಎಸ್‌ಆರ್ ಬಡಾವಣೆ

ಉತ್ತರ: ಒಲೆಯನ್ನು ಜೋಡಿಸಬಹುದು, ಆದರೆ ಅದರ ಜೆಟ್ ಬದಲಿಸಬೇಕು. ಪೈಪಿನ ಗ್ಯಾಸ್ ಸಿಲಿಂಡರಿನದಕ್ಕಿಂತ ಕಡಿಮೆ ಒತ್ತಡದಲ್ಲಿ ಬರುತ್ತದೆ, ಅದೇ ಗಾತ್ರಕ್ಕೆ ಕಡಿಮೆ ಶಾಖ ಕೊಡುತ್ತದೆ. ಆದ್ದರಿಂದ ದೊಡ್ಡ ಕಣ್ಣಿನ ಜೆಟ್ ಬೇಕು. ಸಂಪರ್ಕ ಕೊಡಲು ಬಂದವರೇ ಬದಲಿಸಿಕೊಡುತ್ತಾರೆ. ಇನ್ನೊಂದು ಮಾತು: ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ, ಪೈಪಿನದು ಹಗುರ, ಸೂರಿಗೆ ಏರುತ್ತದೆ. ಸೋರಿಕೆಯ ಅಲಾರಂ ಇದ್ದರೆ ಅದನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಕೂರಿಸಿರಿ, ಅಡುಗೆಮನೆಯ ಮೇಲುಗಡೆಯ ಗವಾಕ್ಷಿಯನ್ನು ಮುಚ್ಚಬೇಡಿ. ಸ್ನಾನದ ಮನೆಯೊಳಗಿನ ಗ್ಯಾಸ್ ಗೀಸರನ್ನು ಮಾತ್ರ ಯಾವ ಗ್ಯಾಸಿಗೂ ಜೋಡಿಸಬೇಡಿ. ಬಾಗಿಲು ಹಾಕಿಕೊಂಡ ಸಣ್ಣ ಕೋಣೆಯಲ್ಲಿ ಅದು ಉಸಿರಾಡುವ ಗಾಳಿಯನ್ನೇ ಉರಿಸುತ್ತದೆ. ಹಾಗೆ ಜೀವಗಳು ಹೋಗಿವೆ. ಹೊರಗಿನ ಬಾಲ್ಕನಿಗೆ ಸ್ಥಳಾಂತರಿಸಿ, ಹೊಗೆ ಬಯಲಿಗೆ ಹೋಗುವಂತೆ ಮಾಡಿ, ಪೈಪ್ ಗ್ಯಾಸಿಗೆಂದೇ ತಯಾರಾದದ್ದನ್ನು ಹಾಕಿಸಿರಿ.

ಪ್ರಶ್ನೆ: ನಮ್ಮ ಕಲ್ಯಾಣ ಮಂಟಪದ ಬಾಯ್ಲರ್ ಗ್ಯಾಸಿಗೆ ಬದಲಾಯಿತು. ನೆಲಮಾಳಿಗೆಯಲ್ಲಿ 2,000 ಲೀಟರಿನ ಹಳೆಯ ಡೀಸೆಲ್ ಟ್ಯಾಂಕ್ ಉಳಿದಿದೆ. ಅಲ್ಲೇ ಗ್ಯಾಸ್ ಕಟರಿನಿಂದ ತುಂಡು ಮಾಡಿ ಒಯ್ಯುತ್ತೇನೆಂದು ಗುಜರಿಯವರು ಹೇಳುತ್ತಿದ್ದಾರೆ. ಕೊಡಬಹುದೇ?
— ವ್ಯವಸ್ಥಾಪಕ, ಪೀಣ್ಯ

ಉತ್ತರ: ಹಾಗೆ ಖಂಡಿತ ಬೇಡ. ಟ್ಯಾಂಕ್ ಖಾಲಿಯಿದ್ದರೂ ತಳದಲ್ಲಿ ಬೆರಳು ದಪ್ಪದ ಕೆಸರು ಕೂತಿರುತ್ತದೆ; ಕಟರಿನ ಉರಿ ತಾಗಿದೊಡನೆ ಅದರಿಂದ ಎದ್ದ ಆವಿ ಮುಚ್ಚಿದ ಟ್ಯಾಂಕಿನೊಳಗೆ ಗಾಳಿಯೊಡನೆ ಬೆರೆತು ಸಿಡಿಯುತ್ತದೆ. ಮೊದಲು ಉಳಿದ ಡೀಸೆಲ್ ತೆಗೆಸಿ, ಕೆಸರನ್ನು ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೆ ಒಪ್ಪಿಸಿ, ಒಳಗೆ ತೊಳೆಸಿ ಗಾಳಿಯಾಡಿಸಿ, ಆಮೇಲೆ ಸಾಧ್ಯವಾದರೆ ಇಡಿಯಾಗಿಯೇ ಹೊರಗೆ ಸಾಗಿಸಿರಿ. ಇಲ್ಲೊಂದು ಪ್ರಸಂಗಾಂತರ: 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಡೀಸೆಲ್ಲನ್ನು ಪರವಾನಗಿಯಿಲ್ಲದೆ 2,500 ಲೀಟರಿನವರೆಗೆ ಇಡಬಹುದು, ಆದರೆ ಯಾವ ಒಂದು ಪಾತ್ರೆಯೂ 1,000 ಲೀಟರ್ ಮೀರಬಾರದು. ನಿಮ್ಮ ಟ್ಯಾಂಕಿಗೆ ಪರವಾನಗಿ ಇದ್ದಿರಬೇಕು. ಕಡತದಲ್ಲಿ ಸಿಕ್ಕರೆ ಅದನ್ನು ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಗೆ ಹಿಂದಿರುಗಿಸಿರಿ.

ಇದಕ್ಕೆಲ್ಲ ಮೊದಲು ಇಂದೇ ಒಂದು ಕೆಲಸ ಮಾಡಿರಿ. ಹೊರಗೋಡೆಯಲ್ಲಿ ಡೀಸೆಲ್ ಸುರಿಯಲು ಬಿಟ್ಟ ಪೈಪಿನ ಬಾಯಿ ಇನ್ನೂ ಇದ್ದೀತು. ಟ್ಯಾಂಕ್ ಹೋಗಿ ಆ ಬಾಯಿ ಮಾತ್ರ ಉಳಿದ ಮನೆಗಳಿಗೆ ವಿಳಾಸ ತಪ್ಪಿ ಬಂದ ಟ್ಯಾಂಕರಿನವರು ನೂರಾರು ಲೀಟರ್ ಎಣ್ಣೆಯನ್ನು ನೇರವಾಗಿ ನೆಲಮಾಳಿಗೆಯ ನೆಲಕ್ಕೆ ಸುರಿದ ಪ್ರಸಂಗಗಳು ಅಮೆರಿಕದಲ್ಲಿ ನಡೆದಿವೆ. ಮುಚ್ಚಳ ಬಿಗಿದರೆ ಸಾಲದು. ಪೈಪನ್ನೇ ಗೋಡೆಯಿಂದ ಕಿತ್ತು, ತೂತಿಗೆ ಸಿಮೆಂಟು ತುಂಬಿಸಿರಿ.